ಮಳೆಗೆ ನೆನೆಯುವ ಕೋಳಿ: ಸಿಲ್ಕಿ ಬಗ್ಗೆ ನಿಮ್ಮ ಪ್ರಶ್ನೆಗಳು

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಸಿಲ್ಕಿ ಎಂಬ, ರೇಷ್ಮೆಯಂಥ ಪುಕ್ಕದ ಸಣ್ಣ ತಳಿಯ ಕೋಳಿಯ ಬಗ್ಗೆಯೇ ಇವೆ. ಹಾಗಾಗಿ ಉಳಿದ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟು, ಇವತ್ತು ಪೂರ್ತಿ ಸಿಲ್ಕಿಗಳಿಗೇ ಕೊಟ್ಟಿದ್ದೇನೆ. ನಾನೂ ಬಹಳ ವರ್ಷಗಳಿಂದ ಇವುಗಳನ್ನು ಸಾಕುತ್ತಿದ್ದೇನೆ.

ಪ್ರಶ್ನೆ: ನಮ್ಮ ಹಿತ್ತಲಲ್ಲಿ ಆರು ಮೊಟ್ಟೆ ಕೋಳಿಗಳಿವೆ, ಎಲ್ಲವೂ ದೊಡ್ಡ ತಳಿಯವು. ಮಕ್ಕಳು ಸಿಲ್ಕಿ ಬೇಕೆಂದು ಹಟ ಹಿಡಿದಿದ್ದಾರೆ. ಒಂದು ತಂದು ಇವುಗಳ ಜೊತೆಗೇ ಬಿಟ್ಟರೆ ಆಗುತ್ತಾ?

ಒಂದೇ ಒಂದನ್ನು ತಂದು ನೇರವಾಗಿ ಬಿಡುವುದಾದರೆ ಬೇಡ. ಖಂಡಿತ ಬೇಡ.

ಕಾರಣ ಹೇಳುತ್ತೇನೆ. ಸಿಲ್ಕಿಯ ತಲೆ ಮೇಲೆ ಪುಕ್ಕದ ಉಂಡೆ ಇರುತ್ತದಲ್ಲ, ಎಷ್ಟೋ ಸಿಲ್ಕಿಗಳಲ್ಲಿ ಅದರ ಕೆಳಗೆ ತಲೆಬುರುಡೆ ಉಬ್ಬಿಕೊಂಡಿರುತ್ತದೆ. ಕೆಲವುಗಳಲ್ಲಿ ಆ ಉಬ್ಬಿನಲ್ಲಿ ಮೂಳೆ ಪೂರ್ತಿ ಕೂಡಿಕೊಂಡಿರುವುದಿಲ್ಲ, ಮಿದುಳಿನ ಮೇಲೆ ಬರೀ ಚರ್ಮ. ದೊಡ್ಡ ಕೋಳಿ ಹೊಸಬರಿಗೆ ಬುದ್ಧಿ ಕಲಿಸಲು ಕುಕ್ಕುವುದು ಮೊದಲು ತಲೆಗೇ. ಬೇರೆ ಕೋಳಿಗೆ ಅದು ಒಂದು ಗಾಯ, ಸಿಲ್ಕಿಗೆ ಪ್ರಾಣಕ್ಕೇ ಅಪಾಯ. ನನ್ನ ಮೊದಲ ಸಿಲ್ಕಿಯನ್ನು ನಾನು ಹೀಗೆಯೇ ಕಳೆದುಕೊಂಡೆ. ಬೆಳಿಗ್ಗೆ ದೊಡ್ಡ ಕೋಳಿಗಳ ಜೊತೆ ಬಿಟ್ಟೆ, ಎಲ್ಲ ಶಾಂತವಾಗಿ ಮೇಯುತ್ತಿದ್ದವು, ಸರಿಹೋಯಿತು ಅಂದುಕೊಂಡು ಒಳಗೆ ಹೋದೆ, ಮಧ್ಯಾಹ್ನದ ಹೊತ್ತಿಗೆ ಅದು ಮೂಲೆಯಲ್ಲಿ ತಲೆ ತಗ್ಗಿಸಿ ಕೂತಿತ್ತು, ಮರುದಿನ ಉಳಿಯಲಿಲ್ಲ. ಇಷ್ಟು ವರ್ಷವಾದರೂ ಅದು ಮನಸ್ಸಿನಿಂದ ಹೋಗಿಲ್ಲ.

ಇನ್ನೊಂದು ಕಷ್ಟ ಕಣ್ಣಿನದು. ಪುಕ್ಕ ಕಣ್ಣಿನ ಮೇಲೆ ಇಳಿದಿರುವುದರಿಂದ ಪಕ್ಕದಿಂದ ಯಾರು ಬರುತ್ತಿದ್ದಾರೆ, ಮೇಲೆ ಹದ್ದು ಸುತ್ತುತ್ತಿದೆಯಾ, ಏನೂ ಕಾಣುವುದಿಲ್ಲ. ಓಡಬೇಕು ಎಂದು ಗೊತ್ತಾಗುವಷ್ಟರಲ್ಲಿ ಹೊತ್ತು ಮೀರಿರುತ್ತದೆ. ಹಾರಿ ತಪ್ಪಿಸಿಕೊಳ್ಳಲೂ ಆಗದು. ಆದ್ದರಿಂದ ಕಣ್ಣಿನ ಸುತ್ತಲಿನ ಪುಕ್ಕವನ್ನು ಮೊಂಡು ತುದಿಯ ಕತ್ತರಿಯಿಂದ ಕತ್ತರಿಸಿ. ಹೊಸದಾಗಿ ಮೊಳೆಯುತ್ತಿರುವ, ಬುಡದಲ್ಲಿ ರಕ್ತ ತುಂಬಿದ ಪುಕ್ಕವನ್ನು ಮಾತ್ರ ಮುಟ್ಟಬೇಡಿ. ಚೆಂದ ಕೆಡುತ್ತದೆ ಎಂದು ಮಕ್ಕಳು ಬೇಜಾರು ಮಾಡಿಕೊಳ್ಳಬಹುದು. ಆದರೆ ಕಣ್ಣು ಕಾಣುವ ಕೋಳಿ ಎಷ್ಟು ಚುರುಕಾಗುತ್ತದೆ ಎಂದು ಅವರೇ ಒಂದು ದಿನದಲ್ಲಿ ನೋಡುತ್ತಾರೆ.

ಇಷ್ಟೆಲ್ಲ ಕೇಳಿಯೂ ತರುವುದಾದರೆ (ತನ್ನಿ, ತುಂಬ ಪ್ರೀತಿಯ ಜೀವಗಳು) ಕಡಿಮೆ ಎಂದರೆ ಎರಡು ತನ್ನಿ, ಮೂರಾದರೆ ಇನ್ನೂ ಒಳ್ಳೆಯದು. ಮೊದಲ 30 ದಿನ ಹಳೆಯ ಕೋಳಿಗಳಿಂದ ಪೂರ್ತಿ ದೂರ ಇಡಿ, ಏಕೆಂದರೆ ಹೊಸ ಹಕ್ಕಿ ಹೊರಗೆ ಚೆನ್ನಾಗಿ ಕಂಡರೂ ಒಳಗೆ ರೋಗ ಹೊತ್ತು ತಂದಿರಬಹುದು. ಆಮೇಲೆ ಎರಡು ವಾರ ಜಾಲರಿಯ ಆಚೆ ಈಚೆ ಇರಲಿ, ಒಂದನ್ನೊಂದು ನೋಡಿಕೊಂಡು ಮೇಯಲಿ. ಕೊನೆಗೆ ಒಟ್ಟಿಗೆ ಬಿಡುವಾಗ ಕಾಳು ಮತ್ತು ನೀರನ್ನು ಎರಡು ಮೂರು ಕಡೆ ಇಡಿ, ನುಗ್ಗಿ ಅಡಗಿಕೊಳ್ಳಲು ಹಲಗೆ, ಡಬ್ಬ ಏನಾದರೂ ಇರಲಿ, ನೀವು ಅಲ್ಲೇ ಕೂತು ನೋಡಿ. ಬಿಡದೆ ಕುಕ್ಕುವ ಕೋಳಿ ಒಂದಾದರೂ ಇದ್ದರೆ ಸಿಲ್ಕಿಗಳಿಗೆ ಬೇರೆ ಗೂಡೇ ಸರಿ. ನಿಮ್ಮಲ್ಲಿ ದೊಡ್ಡ ತಳಿಯ ಹುಂಜ ಇದೆಯೋ ಇಲ್ಲವೋ ಬರೆದಿಲ್ಲ. ಇದ್ದರೆ ಯೋಚನೆಯೇ ಬೇಡ, ಬೇರೆ ಗೂಡು ಕಟ್ಟಿಸಿ. ಮೇಲೇರಿದ ಹುಂಜದ ಭಾರಕ್ಕೆ ಸಣ್ಣ ಹೇಂಟೆಯ ಬೆನ್ನು ತಾಳುವುದಿಲ್ಲ.

ಗೂಡಿನ ಒಳಗೆ ಒಂದೊಂದಕ್ಕೆ 4 ಚದರ ಅಡಿ, ಹೊರಗೆ ಓಡಾಡಲು 10 ಚದರ ಅಡಿ ಲೆಕ್ಕ ಹಾಕಿ. ಎತ್ತರದ ಅಡ್ಡಕೋಲು ಇವಕ್ಕೆ ಬೇಡ. ರಾತ್ರಿ ನೆಲದ ಮೇಲೆಯೇ ಒಂದರ ಮೇಲೊಂದು ಒತ್ತಿಕೊಂಡು ಮಲಗುತ್ತವೆ, ಹಾಗಾಗಿ ಕೆಳಗೆ ಹಾಸಿದ ಹೊಟ್ಟು ಯಾವಾಗಲೂ ಒಣಗಿರಬೇಕು. ಜಾಲರಿ ಅರ್ಧ ಇಂಚಿನ ಗಟ್ಟಿ ಜಾಲರಿಯೇ ಆಗಿರಲಿ. ತೆಳು ಕೋಳಿ ಜಾಲರಿ ಕೋಳಿಯನ್ನು ಒಳಗಿಡುತ್ತದೆ ಅಷ್ಟೆ, ನಾಯಿಯನ್ನು ಹೊರಗಿಡುವುದಿಲ್ಲ.

ಪ್ರಶ್ನೆ: ಮಳೆ ಬಂದಾಗ ಉಳಿದ ಕೋಳಿಗಳೆಲ್ಲ ಒಳಗೆ ಓಡಿದವು. ಸಿಲ್ಕಿ ಮಾತ್ರ ಅಲ್ಲೇ ನಿಂತು ಪೂರ್ತಿ ತೊಯ್ದು ನಡುಗುತ್ತಿತ್ತು. ಇದು ಮಾಮೂಲಾ?

ಮಾಮೂಲೇ. ಆದರೆ ಹಾಗೆ ಬಿಡಬಾರದು. ಬೇರೆ ಕೋಳಿಗಳ ಗರಿಯಲ್ಲಿ ಎಳೆ ಎಳೆಯನ್ನು ಹಿಡಿದಿಡುವ ಸಣ್ಣ ಕೊಕ್ಕೆಗಳಿರುತ್ತವೆ, ಜಿಪ್ ಹಾಕಿದ ಹಾಗೆ. ಅದರಿಂದಲೇ ನೀರು ಜಾರಿ ಹೋಗುತ್ತದೆ. ಸಿಲ್ಕಿಯ ಗರಿಯಲ್ಲಿ ಈ ಕೊಕ್ಕೆಗಳೇ ಇಲ್ಲ. ಹಾಗಾಗಿ ಮುಟ್ಟಿದರೆ ರೇಷ್ಮೆಯ ಹಾಗೆ ಮೆತ್ತಗೆ, ನೆನೆದರೆ ಹತ್ತಿಯ ಹಾಗೆ ನೀರು ಹೀರಿಕೊಂಡು ಚರ್ಮದವರೆಗೂ ಒದ್ದೆ. ನಮಗೆ ಇಷ್ಟವಾಗುವ ಆ ಮೆತ್ತನೆಯೇ ಅದಕ್ಕೆ ಕಷ್ಟ.

ನೆನೆದ ತಕ್ಷಣ ಒಳಗೆ ತನ್ನಿ. ಟವೆಲ್‌ನಲ್ಲಿ ಸುತ್ತಿ ನೀರು ಹೀರಿಸಿ, ಉಜ್ಜಬೇಡಿ. ಆಮೇಲೆ ಹೇರ್ ಡ್ರೈಯರನ್ನು ಕಡಿಮೆ ಬಿಸಿಯಲ್ಲಿಟ್ಟು, ನಿಮ್ಮ ಕೈ ಅಡ್ಡ ಹಿಡಿದು ಬಿಸಿ ನೋಡಿಕೊಳ್ಳುತ್ತಾ ಒಣಗಿಸಿ. ಮೇಲೆ ಒಣಗಿದ್ದರೂ ಹೊಟ್ಟೆಯ ಕೆಳಗೆ ಒದ್ದೆ ಉಳಿದಿರುತ್ತದೆ, ಅಲ್ಲಿ ಬೆರಳಿಟ್ಟು ನೋಡದೆ ಗೂಡಿಗೆ ಬಿಡಬೇಡಿ. ಒಣ ಚಳಿಯನ್ನು ಇವು ಚೆನ್ನಾಗಿಯೇ ತಡೆಯುತ್ತವೆ, ಒದ್ದೆ ಚಳಿಯನ್ನಲ್ಲ. ಓಡಾಡುವ ಜಾಗದ ಒಂದು ಭಾಗಕ್ಕಾದರೂ ಮಾಡು ಹಾಕಿಸಿ.

ಕಾಲಿನ ಪುಕ್ಕಕ್ಕೆ ಕೆಸರು ಮೆತ್ತಿ ಗಟ್ಟಿಯಾಗಿದ್ದರೆ ಎಳೆದು ಕೀಳಬೇಡಿ, ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಿ. ಆಗಲೇ ಕಾಲಿನ ಪೊರೆ ಎದ್ದು ಒರಟಾಗಿದೆಯಾ ನೋಡಿಬಿಡಿ. ಎದ್ದಿದ್ದರೆ ಅದು ನುಸಿಯ ಕೆಲಸ, ಪುಕ್ಕ ಮುಚ್ಚಿರುವುದರಿಂದ ಸಿಲ್ಕಿಗಳಲ್ಲಿ ತಡವಾಗಿ ಕಣ್ಣಿಗೆ ಬೀಳುತ್ತದೆ. ಹೇನಿಗೂ ಹೀಗೆಯೇ, ಹಿಕ್ಕೆ ಹಾಕುವ ಜಾಗದ ಸುತ್ತ ಪುಕ್ಕ ಬಿಡಿಸಿ ವಾರಕ್ಕೊಮ್ಮೆ ನೋಡಬೇಕು. ಒಣ ಮಣ್ಣು, ಮರಳು, ಸ್ವಲ್ಪ ಬೂದಿ ಬೆರೆಸಿದ ಒಂದು ತೊಟ್ಟಿ ಇಟ್ಟರೆ ಅದರಲ್ಲಿ ಹೊರಳಾಡಿ ಮೈಯನ್ನು ತಾವೇ ಚೊಕ್ಕ ಮಾಡಿಕೊಳ್ಳುತ್ತವೆ.

ಪ್ರಶ್ನೆ: ಹೇಂಟೆ ಹತ್ತು ದಿನದಿಂದ ಗೂಡು ಬಿಟ್ಟು ಏಳುತ್ತಿಲ್ಲ. ಕೆಳಗೆ ಒಂದು ಮೊಟ್ಟೆಯೂ ಇಲ್ಲ. ಕೈ ಹಾಕಿದರೆ ಉಬ್ಬಿಕೊಂಡು ಗುರ್ ಎನ್ನುತ್ತದೆ. ಕಾಯಿಲೆಯಾ?

ಕಾಯಿಲೆ ಅಲ್ಲ, ಕಾವಿಗೆ ಕೂತಿದೆ. ಸಿಲ್ಕಿಯಷ್ಟು ಕಾವಿನ ಹುಚ್ಚು ಇರುವ ಕೋಳಿ ಕಡಿಮೆ. ಮೊಟ್ಟೆ ಇಲ್ಲದಿದ್ದರೆ ಕಲ್ಲಿನ ಮೇಲೂ ಕೂರುತ್ತದೆ. ಬಾತುಕೋಳಿ, ಫೆಸೆಂಟ್ (ಕೋಳಿ ಜಾತಿಗೆ ಸೇರಿದ ಉದ್ದ ಬಾಲದ ಹಕ್ಕಿ) ಮೊಟ್ಟೆಗಳನ್ನು ಮರಿ ಮಾಡಿಸಲು ಸಾಕುವವರು ಇವನ್ನೇ ಹುಡುಕುತ್ತಾರೆ. ಬಾತಿನ ಮೊಟ್ಟೆಗೆ 28 ದಿನ ಬೇಕು, ಕೋಳಿ ಮೊಟ್ಟೆಗೆ 21. ಹೆಚ್ಚಿನ ಆ ಒಂದು ವಾರವನ್ನೂ ಸಿಲ್ಕಿ ತಾಯಿ ಬೇಸರವಿಲ್ಲದೆ ಕೂರುತ್ತದೆ. ಮರಿಗಳು ನೀರಿಗಿಳಿದ ದಿನ ಅದು ದಡದಲ್ಲಿ ನಿಂತು ಕೂಗಾಡುವುದನ್ನು ನೋಡಿದರೆ ಕರುಳು ಚುರ್ ಎನ್ನುತ್ತದೆ.

ನಿಮ್ಮ ಮುಂದೆ ಎರಡು ದಾರಿ ಇವೆ. ಮರಿ ಬೇಕಿದ್ದರೆ, ಹುಂಜದ ಜೊತೆಗಿದ್ದ ಕೋಳಿಗಳ ಮೊಟ್ಟೆ ತಂದು ರಾತ್ರಿ ಕೆಳಗಿಡಿ. ಮೈ ಸಣ್ಣದು, ಸಾಮಾನ್ಯ ಗಾತ್ರದ ಮೊಟ್ಟೆಯಾದರೆ ಐದಾರು ಸಾಕು. ದಿನಕ್ಕೊಮ್ಮೆ ಎದ್ದು ತಿಂದು, ನೀರು ಕುಡಿದು, ದೊಡ್ಡ ಹಿಕ್ಕೆ ಹಾಕಿ ಬರಬೇಕು. ಏಳದಿದ್ದರೆ ನೀವೇ ಎತ್ತಿ ಕಾಳಿನ ಮುಂದೆ ಬಿಡಿ.

ಮರಿ ಬೇಡವಾದರೆ ಕಾವು ಬಿಡಿಸಿ. ಸುಮ್ನೆ ಬಿಟ್ಟರೆ ವಾರಗಟ್ಟಲೆ ಕೂತು ಮೈ ಇಳಿದುಹೋಗುತ್ತದೆ, ಹೇನು ಬೇರೆ ಜಾಸ್ತಿಯಾಗುತ್ತದೆ. ತಳದಲ್ಲಿ ಜಾಲರಿ ಇರುವ ಪಂಜರವನ್ನು ನೆಲದಿಂದ ಸ್ವಲ್ಪ ಎತ್ತರಿಸಿ, ಗಾಳಿ ಬೆಳಕು ಇರುವ ಕಡೆ ಇಟ್ಟು, ಕಾಳು ನೀರು ಕೊಟ್ಟು, ಹಾಸಿಗೆ ಏನೂ ಹಾಕದೆ ಮೂರು ನಾಲ್ಕು ದಿನ ಅದರಲ್ಲಿಡಿ. ಹೊಟ್ಟೆಯ ಕೆಳಗೆ ಗಾಳಿ ಆಡಿ ತಂಪಾದರೆ ಕಾವು ಇಳಿಯುತ್ತದೆ. ತಣ್ಣೀರಿನಲ್ಲಿ ಅದ್ದುವವರಿದ್ದಾರೆ. ದಯವಿಟ್ಟು ಸಿಲ್ಕಿಗೆ ಅದನ್ನು ಮಾಡಬೇಡಿ, ಕಾರಣ ಮೇಲೆಯೇ ಹೇಳಿದ್ದೇನೆ.

ಹೀಗೆ ಪದೇ ಪದೇ ಕಾವಿಗೆ ಕೂರುವುದರಿಂದ ವರ್ಷಕ್ಕೆ 100–120 ಮೊಟ್ಟೆ ಸಿಕ್ಕಿದರೆ ಹೆಚ್ಚು, ಅದೂ ಸಣ್ಣವು. ಮೊಟ್ಟೆಗಾಗಿ ಸಾಕುವ ತಳಿ ಇದಲ್ಲ.

ಪ್ರಶ್ನೆ: ಮೂರೂ ಹೇಂಟೆ ಎಂದು ಹೇಳಿ ಕೊಟ್ಟರು. ಐದು ತಿಂಗಳಾಯಿತು, ಒಂದರ ಮೇಲೆ ಅನುಮಾನ. ಹೇಗೆ ಗೊತ್ತಾಗುತ್ತದೆ?

ಕೊಟ್ಟವರಿಗೂ ಗೊತ್ತಿರಲಿಕ್ಕಿಲ್ಲ. ಸಿಲ್ಕಿ ಮರಿಯಲ್ಲಿ ಗಂಡು ಹೆಣ್ಣು ಹೇಳುವುದು ಬಹಳ ಕಷ್ಟ. ಈಗ ತಲೆ ನೋಡಿ. ಹೇಂಟೆಯ ತಲೆಪುಕ್ಕ ದುಂಡಗೆ ಚೆಂಡಿನ ಹಾಗೆ ಇರುತ್ತದೆ. ಹುಂಜದ ತಲೆಯಲ್ಲಿ ಉದ್ದನೆಯ ಎಳೆಗಳು ಹಿಂದಕ್ಕೆ ಚಾಚಿರುತ್ತವೆ, ಕೊಕ್ಕಿನ ಮೇಲಿನ ಮಾಂಸದ ಜುಟ್ಟು ಅಗಲವಾಗಿ ದಪ್ಪವಾಗಿರುತ್ತದೆ. ಆದರೂ ಖಚಿತ ಆಗುವುದು ಎರಡರಿಂದಲೇ: ಕೂಗಿದರೆ ಹುಂಜ, ಮೊಟ್ಟೆಯಿಟ್ಟರೆ ಹೇಂಟೆ. ಇವು ಮೊಟ್ಟೆಯಿಡಲು ಏಳೆಂಟು ತಿಂಗಳು ತೆಗೆದುಕೊಳ್ಳುವುದೂ ಉಂಟು, ಕಾಯಿರಿ. ಮರಿ ತರುವ ಮುಂಚೆಯೇ, ಹುಂಜವಾದರೆ ಎಲ್ಲಿ ಇಡುತ್ತೇನೆ ಎಂದು ಯೋಚಿಸಿಕೊಂಡಿರಬೇಕು.

ಪ್ರಶ್ನೆ: ಬಿಳಿ ಪುಕ್ಕ ಸರಿಸಿದರೆ ಒಳಗೆ ಚರ್ಮ ಕಪ್ಪು. ಕಿವಿ ಹತ್ತಿರ ನೀಲಿ. ಏನಾದರೂ ಸೋಂಕಾ?

ಅಲ್ಲ. ಸಿಲ್ಕಿಯ ಚರ್ಮ ಕಪ್ಪು, ಮೂಳೆಯೂ ಕಪ್ಪು, ಕಿವಿಯ ಹಾಲೆ ನೀಲಿ. ಕಾಲಿನ ಬೆರಳು ಎಣಿಸಿ ನೋಡಿ, ಐದು ಇರಬೇಕು. ಬಹುಪಾಲು ಕೋಳಿಗಳಿಗೆ ನಾಲ್ಕೇ. 13ನೇ ಶತಮಾನದಲ್ಲಿ ಚೀನಾ ಸುತ್ತಿದ ಮಾರ್ಕೊ ಪೋಲೊ ತನ್ನ ಪ್ರವಾಸದ ವಿವರದಲ್ಲಿ ಬೆಕ್ಕಿನ ಹಾಗೆ ಕೂದಲಿರುವ ಕಪ್ಪು ಕೋಳಿಗಳ ಬಗ್ಗೆ ಹೇಳಿದ್ದಾನೆ. ಅವು ಸಿಲ್ಕಿಗಳೇ ಎಂದು ನಂಬುತ್ತಾರೆ.

ಪ್ರಶ್ನೆ: ಎರಡು ತಿಂಗಳ ಮರಿಯ ಕತ್ತು ತಿರುಚಿಕೊಂಡಿದೆ. ತಲೆ ಬೆನ್ನಿನ ಕಡೆಗೆ ಹೋಗುತ್ತದೆ, ಹಿಂದೆ ಹಿಂದೆ ನಡೆಯುತ್ತದೆ. ಬದುಕುತ್ತದೆಯೇ?

ಎಷ್ಟೋ ಮರಿಗಳು ಬದುಕುತ್ತವೆ, ಆದರೆ ತಾಳ್ಮೆ ಬೇಕು. ಉಬ್ಬಿದ ತಲೆಗೆ ಪೆಟ್ಟು ಬಿದ್ದರೆ ಹೀಗಾಗುತ್ತದೆ, ವಿಟಮಿನ್ ಇ ಅಥವಾ ಬಿ1 ಕಡಿಮೆಯಾದರೂ ಆಗುತ್ತದೆ. ಮೊದಲು ಬೇರೆ ಮಾಡಿ, ಇಲ್ಲದಿದ್ದರೆ ಉಳಿದವು ಕುಕ್ಕುತ್ತವೆ. ಶಾಂತವಾದ ಜಾಗದಲ್ಲಿ ಬಟ್ಟೆ ಹಾಸಿದ ಡಬ್ಬದಲ್ಲಿಡಿ. ದಿನಕ್ಕೆ ನಾಲ್ಕೈದು ಸಲ ಕೈಯಲ್ಲಿ ಹಿಡಿದು, ಕತ್ತಿಗೆ ಆಸರೆ ಕೊಟ್ಟು, ನೆನೆಸಿದ ಆಹಾರ ತಿನ್ನಿಸಿ. ನೀರನ್ನು ಬಾಯೊಳಗೆ ಸುರಿಯಬೇಡಿ, ಕೊಕ್ಕಿನ ಅಂಚಿಗೆ ಹನಿ ಹನಿಯಾಗಿ ಮುಟ್ಟಿಸಿ. ವಿಟಮಿನ್ ಇ ಜೊತೆ ಸ್ವಲ್ಪ ಸೆಲೆನಿಯಮ್ ಎಂಬ ಖನಿಜ ಕೊಡುವುದುಂಟು, ಅದು ಹೆಚ್ಚಾದರೆ ವಿಷ. ಪ್ರಮಾಣವನ್ನು ಪಶುವೈದ್ಯರಿಂದಲೇ ಕೇಳಿ. ಗುಣವಾಗಲು ವಾರಗಳೇ ಹಿಡಿಯಬಹುದು.

ಒಂದು ಮಾತು. ಕತ್ತಿನ ಜೊತೆ ಕಾಲೂ ಸೋತು, ಒಂದು ಕಾಲು ಮುಂದೆ, ಒಂದು ಕಾಲು ಹಿಂದೆ ಚಾಚಿ ಬಿದ್ದುಕೊಂಡರೆ ಅದು ಮರೆಕ್ಸ್ ರೋಗ, ಅಂದರೆ ಕೋಳಿಗಳ ನರಕ್ಕೆ ತಗಲುವ ವೈರಸ್ ಕಾಯಿಲೆ ಇರಬಹುದು. ಅದಕ್ಕೆ ಮದ್ದಿಲ್ಲ. ಸಿಲ್ಕಿಗಳಿಗೆ ಅದು ಬೇಗ ತಗಲುತ್ತದೆ ಎನ್ನುವುದು ಸಾಕುವವರ ಅನುಭವ. ಲಸಿಕೆಯನ್ನು ಮೊಟ್ಟೆ ಒಡೆದ ದಿನವೇ ಹಾಕಬೇಕು, ಹಾಗಾಗಿ ಮುಂದಿನ ಸಲ ಮರಿ ತರುವಾಗ ಲಸಿಕೆ ಆಗಿದೆಯಾ ಎಂದು ಮೊದಲೇ ಕೇಳಿ.

ಪ್ರಶ್ನೆ: ನಾಲ್ಕು ವರ್ಷದ ಮಗಳು ಸಿಲ್ಕಿಯನ್ನು ಇಡೀ ದಿನ ಎತ್ತಿಕೊಂಡು ಮುದ್ದಿಸುತ್ತಾಳೆ. ಬಿಡಬಹುದಾ?

ಎತ್ತಿಕೊಳ್ಳಲಿ, ಮುತ್ತು ಕೊಡುವುದು ಬೇಡ. ಚೆನ್ನಾಗಿ ಕಾಣುವ ಕೋಳಿಯ ಮೈಯಲ್ಲೂ ಸಾಲ್ಮೊನೆಲ್ಲಾ ಎಂಬ, ಹೊಟ್ಟೆ ಕೆಡಿಸುವ ಬ್ಯಾಕ್ಟೀರಿಯಾ ಇರಬಹುದು, 5 ವರ್ಷದೊಳಗಿನ ಮಕ್ಕಳಿಗೆ ಅದು ಜೋರಾಗಿಯೇ ಕಾಡುತ್ತದೆ. ಮುಟ್ಟಿದ ಪ್ರತಿ ಸಲ ಸೋಪಿನಲ್ಲಿ ಕೈ ತೊಳೆಸಿ, ನೀವು ಪಕ್ಕದಲ್ಲೇ ಇರಿ. ಇಡೀ ದಿನ ಮಾತ್ರ ಬೇಡ. ಸಿಲ್ಕಿ ಕೂಗದೆ, ಕೊಸರದೆ ಕೈಯಲ್ಲಿ ಕೂತಿರುತ್ತದೆ, ಅದಕ್ಕೆ ಸಾಕಾಗಿದೆ ಎಂದು ಮಗುವಿಗೆ ತಿಳಿಯುವುದಿಲ್ಲ. ಹತ್ತು ನಿಮಿಷ ಎತ್ತಿಕೊಳ್ಳಲಿ. ಆಮೇಲೆ ಕೆಳಗೆ ಬಿಟ್ಟು, ನೆಲದಲ್ಲಿ ಕೂತು, ಅಂಗೈಯಲ್ಲಿ ಕಾಳು ಹಿಡಿದು ಕಾಯುವುದನ್ನು ಕಲಿಸಿ. ನಾಲ್ಕೈದು ದಿನದಲ್ಲಿ ಅದೇ ಓಡಿ ಬಂದು ಅವಳ ಮಡಿಲು ಹತ್ತುತ್ತದೆ.