ಟಿಡಿಪಿ-43: ಗಂಟು ಕಟ್ಟಿದ್ದು ತೊಂದರೆಯೋ, ಕೆಲಸ ಬಿಟ್ಟಿದ್ದೋ?

ಎಎಲ್‌ಎಸ್ (ಸ್ನಾಯು ನಡೆಸುವ ನರಕೋಶಗಳು ಸಾಯುವ ಕಾಯಿಲೆ) ಇರುವವರ ನರಕೋಶದಲ್ಲಿ ಟಿಡಿಪಿ-43 ಎಂಬ ಪ್ರೋಟೀನ್ ಗಂಟು ಕಟ್ಟುತ್ತದಲ್ಲ, ಆ ಗಂಟೇ ವಿಷವಾ, ಜೀನ್ ಸರಿ ಇದ್ದರೂ ಹೀಗಾಗುತ್ತಾ ಅಂತ ಕೇಳಿದ್ದೀರಿ. ಗಂಟಿನಿಂದಲೂ ಕೆಡುಕಾಗಬಹುದು. ಆದರೆ ನನ್ನ ಪ್ರಕಾರ ದೊಡ್ಡ ಪೆಟ್ಟು ಬೀಳುವುದು ಆ ಪ್ರೋಟೀನ್ ಕೋಶದ ನ್ಯೂಕ್ಲಿಯಸ್‌ನಿಂದ ಕಾಣೆಯಾದಾಗ.

ಅದರ ಜಾಗವೇ ನ್ಯೂಕ್ಲಿಯಸ್. ಜೀನ್‌ನ ನಕಲಾದ ಹೊಸ ಆರ್‌ಎನ್‌ಎಯಲ್ಲಿ ಯು-ಜಿ ಅಕ್ಷರಗಳು ಸಾಲಾಗಿ ಬರುವ ಕಡೆ ಹೋಗಿ ಅಂಟಿಕೊಳ್ಳುತ್ತದೆ. ಇಂಟ್ರಾನ್‌ಗಳೊಳಗೆ (ಆರ್‌ಎನ್‌ಎಯಲ್ಲಿ ಕತ್ತರಿಸಿ ಎಸೆಯುವ ಭಾಗ) ಎಕ್ಸಾನ್‌ನಂತೆಯೇ (ಉಳಿಸಿಕೊಳ್ಳುವ ಭಾಗ) ಕಾಣುವ ಕಳ್ಳ ತುಂಡುಗಳಿರುತ್ತವೆ. ಅವು ಎಂಆರ್‌ಎನ್‌ಎಗೆ, ಅಂದರೆ ಪ್ರೋಟೀನ್ ಮಾಡಲು ಬಳಸುವ ಕೊನೆಯ ಪ್ರತಿಗೆ, ನುಸುಳದಂತೆ ಟಿಡಿಪಿ-43 ಕಾಯುತ್ತದೆ.

ಸ್ಟಾತ್ಮಿನ್-2 ಎಂಬ ಪ್ರೋಟೀನ್ ನೋಡಿ. ಪೆಟ್ಟಾದ ಆಕ್ಸಾನ್ (ನರಕೋಶದ ಉದ್ದನೆಯ ಎಳೆ) ಮತ್ತೆ ಬೆಳೆಯಲು ಅದು ಬೇಕು. ಟಿಡಿಪಿ-43 ಇಲ್ಲವಾದರೆ ಮೊದಲ ಇಂಟ್ರಾನ್‌ನ ಕಳ್ಳ ತುಂಡು ಒಳಗೆ ಸೇರುತ್ತದೆ. ಆರ್‌ಎನ್‌ಎ ಅಲ್ಲೇ ಮೊಟಕಾಗಿ ನಿಲ್ಲುತ್ತದೆ, ಸರಿಯಾದ ಪ್ರೋಟೀನ್ ಆಗುವುದೇ ಇಲ್ಲ. (ಇಲಿಯಲ್ಲಿ ಈ ತುಂಡು ಇಲ್ಲ. ಸುಮ್ನೆ ಇಲಿಯ ಫಲಿತಾಂಶ ನೋಡಿ ತೀರ್ಮಾನಿಸಬೇಡಿ.) ಯುಎನ್‌ಸಿ13ಎ ಎಂಬ ಜೀನ್ ಇನ್ನೂ ಸ್ವಾರಸ್ಯ. ಎಎಲ್‌ಎಸ್ ಅಪಾಯ ಹೆಚ್ಚಿಸುತ್ತವೆ ಅಂತ ಮೊದಲೇ ಗೊತ್ತಿದ್ದ ಡಿಎನ್‌ಎ ವ್ಯತ್ಯಾಸಗಳು ಅದರ ಕಳ್ಳ ತುಂಡು ಇರುವ ಇಂಟ್ರಾನ್‌ನಲ್ಲೇ ಇವೆ. ಟಿಡಿಪಿ-43 ಕಡಿಮೆಯಾದಾಗ ಆ ತುಂಡು ನುಸುಳುವುದನ್ನು ಅವು ಜಾಸ್ತಿ ಮಾಡುತ್ತವೆ ಅಂತ 2022ರಲ್ಲಿ ತಿಳಿಯಿತು.

ಜೀನ್ ವಿಷಯಕ್ಕೆ ಬಂದರೆ, ಟಿಡಿಪಿ-43 ಮಾಡುವ ಟಿಎಆರ್‌ಡಿಬಿಪಿ ಜೀನ್‌ನಲ್ಲೇ ಮ್ಯುಟೇಶನ್ ಇರುವವರು ಬಹಳ ಕಡಿಮೆ. ಆದರೂ ಗಂಟು ಬಹುತೇಕ ಎಲ್ಲ ಎಎಲ್‌ಎಸ್‌ನಲ್ಲೂ, ಫ್ರಂಟೊಟೆಂಪೊರಲ್ ಡಿಮೆನ್ಶಿಯಾ ಎಂಬ ಮಿದುಳಿನ ಕಾಯಿಲೆಯ ಸುಮಾರು ಅರ್ಧ ಪ್ರಕರಣಗಳಲ್ಲೂ ಕಾಣುತ್ತದೆ. ಎಸ್‌ಒಡಿ1 ಮತ್ತು ಎಫ್‌ಯುಎಸ್ ಎಂಬ ಬೇರೆ ಜೀನ್‌ಗಳ ಮ್ಯುಟೇಶನ್‌ನಿಂದ ಬರುವ ಎಎಲ್‌ಎಸ್ ಮಾತ್ರ ಸಾಮಾನ್ಯವಾಗಿ ಇದಕ್ಕೆ ಹೊರತು. ಟಿಡಿಪಿ-43ರ ಬಾಲದ ಭಾಗ ಮೊದಲೇ ಒಂದಕ್ಕೊಂದು ಅಂಟಿಕೊಳ್ಳುವ ಸ್ವಭಾವದ್ದು, ಅದಕ್ಕೆ ಮ್ಯುಟೇಶನ್ನೇ ಬೇಕು ಅಂತೇನಿಲ್ಲ.