ಅಣ್ಣನ ಗುರುತಿಗೆ ತಮ್ಮನ ರಕ್ತ ಸಾಲದು

ಅಣ್ಣ ಕಾಣೆಯಾಗಿದ್ದಾರೆ, ಅಪರಿಚಿತ ಶವವೊಂದು ಸಿಕ್ಕಿದೆ, ವಯಸ್ಸಾದ ತಾಯಿಗೆ ಹೇಳಿದರೆ ನೋವಾಗುತ್ತದೆ, ಅವರನ್ನು ಅಲೆಸುವ ಬದಲು ನಾನೇ ರಕ್ತ ಕೊಟ್ಟರೆ ಡಿಎನ್‌ಎ ಪರೀಕ್ಷೆಗೆ ಸಾಕೇ ಎಂದು ಕೇಳಿದ್ದೀರಿ. ಸಾಲದು. ಒಂಬತ್ತು ವರ್ಷಗಳ ಹಿಂದೆ ನಾನು ಇದನ್ನೇ ಮಾಡಿದೆ.

ನಾಲೆಯ ತೂಬಿನ ಬಳಿ ಸಿಕ್ಕಿದ ದೇಹ ಮುಖ ನೋಡಿ ಗುರುತಿಸುವ ಹಾಗಿರಲಿಲ್ಲ. ವೈದ್ಯರು ತೊಡೆಯ ಮೂಳೆಯ ತುಂಡು, ಎರಡು ದವಡೆ ಹಲ್ಲು ತೆಗೆದಿಟ್ಟರು. ವಾರಸುದಾರರಿಲ್ಲದ ಶವವೆಂದು ಹೂಳಲಾಯಿತು. ಅಮ್ಮನಿಗೆ ವಿಷಯವನ್ನೇ ಹೇಳದೆ ನಾನು ರಕ್ತ ಕೊಟ್ಟು ಬಂದೆ. ಒಡಹುಟ್ಟಿದವರು, ಇಬ್ಬರದೂ ಒಂದೇ ರಕ್ತ ತಾನೇ ಎಂದುಕೊಂಡಿದ್ದೆ.

ತಪ್ಪಾದದ್ದು ಇಲ್ಲೇ, ಆದ್ದರಿಂದ ಬಿಡಿಸಿ ಹೇಳುತ್ತೇನೆ. ಪರೀಕ್ಷೆಯಲ್ಲಿ ವರ್ಣತಂತುಗಳ ಮೇಲೆ ಗೊತ್ತುಪಡಿಸಿದ ಇಪ್ಪತ್ತರಷ್ಟು ಜಾಗಗಳನ್ನು ನೋಡುತ್ತಾರೆ. ಪ್ರತಿ ಜಾಗದಲ್ಲೂ ನಮಗೆ ಎರಡು ಅಂಕಿಗಳಿರುತ್ತವೆ, 12 ಮತ್ತು 15 ಎಂಬಂತೆ; ಅಲ್ಲಿ ಒಂದು ಸಣ್ಣ ಡಿಎನ್‌ಎ ತುಣುಕು ಎಷ್ಟು ಸಲ ಮರುಕಳಿಸಿದೆ ಎಂಬ ಎಣಿಕೆ ಅದು. ಒಂದು ತಾಯಿಯದು, ಇನ್ನೊಂದು ತಂದೆಯದು. ಅಪರೂಪದ ರೂಪಾಂತರ ಬಿಟ್ಟರೆ, ಮಗನ ಪ್ರತಿ ಜಾಗದಲ್ಲೂ ತಾಯಿಯ ಒಂದು ಅಂಕಿ ಇರಲೇಬೇಕು. ಅಣ್ಣತಮ್ಮಂದಿರ ನಡುವೆ ಈ ಕಟ್ಟುಪಾಡಿಲ್ಲ. ಅಮ್ಮ ಅಣ್ಣನಿಗೆ ಕೊಟ್ಟದ್ದನ್ನೇ ನನಗೂ ಕೊಟ್ಟಿರಬೇಕೆಂದಿಲ್ಲ, ಅಪ್ಪನೂ ಹಾಗೆಯೇ. ಯಾವುದೇ ಒಂದು ಜಾಗದಲ್ಲಿ ಇಬ್ಬರಿಗೂ ಪೂರ್ತಿ ಬೇರೆಯದೇ ಬಂದಿರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಅಂಕಿ ಹೊಂದದಿದ್ದರೆ ಅಣ್ಣನಲ್ಲ ಎನ್ನುವಂತಿಲ್ಲ, ಹೊಂದಿದರೆ ಅಣ್ಣನೇ ಎನ್ನುವಂತೆಯೂ ಇಲ್ಲ. ಅದರ ಮೇಲೆ, ನೀರಿನಲ್ಲಿ ನೆನೆದ ಆ ಮೂಳೆಯಲ್ಲಿ ಓದಲು ಸಿಕ್ಕಿದ್ದು 11 ಜಾಗ ಮಾತ್ರ.

ಸಂಬಂಧವೇ ಇಲ್ಲದವರಿಗಿಂತ ಒಡಹುಟ್ಟಿದವರಲ್ಲಿ ಇಂಥ ಹೋಲಿಕೆ ಕಾಣುವ ಸಾಧ್ಯತೆ 6 ಪಟ್ಟು, ಎಂದರೆ ಶೇ 86 ಎಂದು ವರದಿ ಬಂತು. ಅದನ್ನು ಹಿಡಿದು ಠಾಣೆಗೆ ಓಡಿದೆ. ಅಧಿಕಾರಿ ಒಪ್ಪಲಿಲ್ಲ, ಅವರು ಹೇಳಿದ್ದೇ ಸರಿ. ಪರೀಕ್ಷೆಗೆ ಮೊದಲೇ ಆ ದೇಹ ಅಣ್ಣನದಾಗಿರುವ ಸಾಧ್ಯತೆ ಅರ್ಧಕ್ಕರ್ಧ ಎಂದು ಇಟ್ಟುಕೊಂಡರೆ ಮಾತ್ರ ಶೇ 86. ಅದು ಕಾಣೆಯಾದ 50 ಗಂಡಸರಲ್ಲಿ ಯಾರದೂ ಆಗಿರಬಹುದು ಎಂದಾದರೆ, ಅದೇ 6 ಪಟ್ಟು ಶೇ 11ಕ್ಕೆ ಕುಸಿಯುತ್ತದೆ. 2010ರ ಮೇ 22ರಂದು ಮಂಗಳೂರಿನಲ್ಲಿ ವಿಮಾನ ಬಿದ್ದು 158 ಜನ ತೀರಿಕೊಂಡಾಗ ಕೈಯಲ್ಲಿ ಪ್ರಯಾಣಿಕರ ಪಟ್ಟಿಯಾದರೂ ಇತ್ತು. ನಾಲೆಯಲ್ಲಿ ತೇಲಿಬಂದವನಿಗೆ ಯಾವ ಪಟ್ಟಿ?

ಹದಿನಾಲ್ಕು ತಿಂಗಳ ನಂತರ ಅಮ್ಮನನ್ನು ಕರೆದುಕೊಂಡು ಹೋದೆ. ಬೆರಳು ಚುಚ್ಚಿ ಕಾರ್ಡಿನ ಮೇಲೆ ಒಂದು ಹನಿ ಬೀಳಿಸಿದರು. ಅದು ಆರಲೆಂದು ಅಮ್ಮ ಬಗ್ಗಿ ಊದಲು ಹೋದರು, ನಮ್ಮ ಮೊಣಕಾಲಿನ ಗಾಯಕ್ಕೆ ಊದುತ್ತಿದ್ದ ಹಾಗೆ. ಸಿಬ್ಬಂದಿ ಮೆಲ್ಲಗೆ ಕಾರ್ಡನ್ನು ಆಚೆ ಸರಿಸಿದರು. ಹನ್ನೊಂದೂ ಜಾಗಗಳಲ್ಲಿ ಅಮ್ಮನ ಅಂಕಿ ಇತ್ತು. "ಮೊದಲೇ ಕರೆದಿದ್ದರೆ ಬರುತ್ತಿದ್ದೆನಲ್ಲಪ್ಪಾ" ಎಂದರು. ಅಷ್ಟು ದಿನ ಅಣ್ಣ ಸಂಖ್ಯೆ ಅಳಿಸಿಹೋದ ಕಲ್ಲಿನ ಕೆಳಗಿದ್ದ, ಉತ್ತರಕ್ರಿಯೆಯೂ ಆಗಿರಲಿಲ್ಲ.

ತಾಯಿಗೆ ನೋವಾಗುತ್ತದೆ ಎಂಬ ನಿಮ್ಮ ಮಾತನ್ನು ನಾನು ಒಪ್ಪುವುದಿಲ್ಲ. ಆ ನೋವು ಅವರಿಗೆ ಈಗಾಗಲೇ ಇದೆ. ಹೇಳಿ, ಕರೆದುಕೊಂಡು ಹೋಗಿ. ತಂದೆ ಇದ್ದರೆ ಅವರನ್ನೂ. ತಂದೆ ಇಲ್ಲದಿದ್ದರೆ ತಾಯಿಯ ಜೊತೆ ನೀವೂ ಕೊಡಿ. ನಿಮ್ಮಲ್ಲಿ ತಾಯಿಯದಲ್ಲದ ಅಂಕಿಗಳು ತಂದೆಯವು. ಮೂಳೆ, ಹಲ್ಲು ಕಾದಿರಿಸಲು ಲಿಖಿತವಾಗಿ ಕೇಳಿ, ಹೂಳಿದ್ದರೆ ಜಾಗದ ಸಂಖ್ಯೆ ಬರೆದುಕೊಳ್ಳಿ. ಅಣ್ಣನೊಬ್ಬರೇ ಬಳಸುತ್ತಿದ್ದ ಹಲ್ಲುಜ್ಜುವ ಬ್ರಷ್, ರೇಜರ್ ಮನೆಯಲ್ಲಿದ್ದರೆ ಪ್ಲಾಸ್ಟಿಕ್ ಚೀಲಕ್ಕಲ್ಲ, ಕಾಗದದ ಲಕೋಟೆಗೆ ಹಾಕಿಡಿ. ಇಂದೇ ಹಾಕಿಡಿ, ಯಾರಾದರೂ ತೊಳೆದು ಎತ್ತಿಡುವ ಮೊದಲು.