ಸಂಪಾದಕರ ಉತ್ತರ: ಗುಡ್ಡೆಯ ಮೇಲೆ ನೆಟ್ಟ ನಾಲ್ಕು ಗೂಟ

ಓದುಗರ ಪತ್ರ:

"ಸಂಪಾದಕರೇ, ನಮ್ಮ ಮನೆಯ ಹಿಂದಿನ ಗುಡ್ಡೆಯಲ್ಲಿ ಮೊಬೈಲ್ ಟವರ್ ಬರಲಿದೆಯಂತೆ. ಅಡುಗೆಮನೆಯ ಬಾಗಿಲಿನಿಂದ ನಲವತ್ತು ಮೀಟರ್ ಕೂಡ ಆಗಲಿಕ್ಕಿಲ್ಲ. ಜಾಗ ನನ್ನ ಬಾವನದು, ಐದು ಸೆಂಟ್ಸ್ ಬಾಡಿಗೆಗೆ ಕೊಟ್ಟಿದ್ದಾರೆ. ಒಂದು ಬೆಳಗ್ಗೆ ನಾಲ್ಕು ಗೂಟ ನೆಟ್ಟದ್ದನ್ನು ಕಂಡ ಮೇಲೆಯೇ ನಮಗೆ ವಿಷಯ ತಿಳಿದದ್ದು. ಪಂಚಾಯತಿನಲ್ಲಿ ಕೇಳಿದರೆ ಮಲೆಯಾಳದ ಕಾಗದ ತೋರಿಸಿದರು, ನನಗೆ ಓದಲು ಬರುವುದಿಲ್ಲ. ಮನೆಯಲ್ಲಿ ಎಂಬತ್ತೆರಡರ ಅತ್ತೆ ಇದ್ದಾರೆ, ಆರು ವರ್ಷದ ಮಗಳಿದ್ದಾಳೆ. ವಿಕಿರಣದಿಂದ ಕ್ಯಾನ್ಸರ್ ಬರುತ್ತದೆ, ಅಡಿಕೆಯ ನಳ್ಳಿ (ಎಳೆಗಾಯಿ) ಉದುರುತ್ತದೆ ಎನ್ನುತ್ತಾರೆ. ಎಂಡೋಸಲ್ಫಾನ್ ಕಂಡ ಊರು ನಮ್ಮದು. ಆಗಲೂ ಏನೂ ಆಗುವುದಿಲ್ಲ ಎಂದೇ ಹೇಳಿದ್ದರು. ನಮ್ಮ ಟವರ್ ವಿರೋಧಿ ಸಮಿತಿಗೆ ಪತ್ರಿಕೆಯ ಬೆಂಬಲ ಇದೆಯೇ? ಕರಪತ್ರ ಇದರೊಂದಿಗಿದೆ."

ಹೆಸರು, ಊರು ಬೇಡವೆಂದು ಕೋರಿದ ಓದುಗರು, ಕಾಸರಗೋಡು ಜಿಲ್ಲೆ

ಅಕ್ಕಾ,

ಪತ್ರ ಕೈಸೇರಿ ಮೂರು ವಾರವಾಯಿತು, ಉತ್ತರ ತಡವಾದುದಕ್ಕೆ ಕ್ಷಮೆಯಿರಲಿ. ಕಚೇರಿಯಲ್ಲಿ ಕುಳಿತು ಬರೆದು ಮುಗಿಸುವ ವಿಷಯ ಇದಲ್ಲ ಎನ್ನಿಸಿ ಕಳೆದ ಭಾನುವಾರ ನಿಮ್ಮಲ್ಲಿಗೇ ಬಂದೆ. ನೀವು ಕೊಟ್ಟ ಪುನರ್ಪುಳಿ ಶರಬತ್ತು ಕುಡಿದು ಗುಡ್ಡೆ ಹತ್ತಿದೆ. ಇಳಿದು ಬರುವಾಗ ನಿಮ್ಮ ಬಾವನ ಮನೆಯ ಜಗಲಿಯಲ್ಲಿಯೂ ಒಂದು ಗಂಟೆ ಕುಳಿತಿದ್ದೆ. ಅದು ನಿಮಗೆ ಬೇಸರ ತಂದಿರಬಹುದು. ಆದರೆ ಅವರ ಮಾತು ಕೇಳದೆ ಬರೆಯಲು ನನಗೆ ಮನಸ್ಸು ಬರಲಿಲ್ಲ.

ಕೇಳಿದ ಪ್ರಶ್ನೆಗೆ ಮೊದಲು ನೇರ ಉತ್ತರ ಕೊಡುತ್ತೇನೆ. 'ಟವರ್ ಬಂದರೆ ಕ್ಯಾನ್ಸರ್ ಖಚಿತ' ಎನ್ನುವ ಆ ಕರಪತ್ರಕ್ಕೆ ನಮ್ಮ ಬೆಂಬಲ ಇಲ್ಲ, ಏಕೆಂದರೆ ಅದು ನಿಜವಲ್ಲ. ನಿಮ್ಮನ್ನು ಒಂದು ಮಾತು ಕೇಳದೆ, ನಿಮಗೆ ತಿಳಿಯುವ ಭಾಷೆಯಲ್ಲಿ ಒಂದು ಸಾಲು ಬರೆಯದೆ ನಿಮ್ಮ ಮನೆಯ ಬೆನ್ನಿಗೆ ಗೂಟ ನೆಟ್ಟರಲ್ಲ, ಅದರ ವಿರುದ್ಧ ನೀವು ನಿಂತರೆ ನಾನೂ ನಿಮ್ಮ ಜೊತೆ ಇದ್ದೇನೆ.

ಎಂಡೋಸಲ್ಫಾನ್ ಹೆಸರನ್ನು ನೀವು ಸುಮ್ಮನೆ ಎತ್ತಲಿಲ್ಲವೆಂದು ಬಲ್ಲೆ. ಅದನ್ನು ಬದಿಗಿಟ್ಟು ಈ ಜಿಲ್ಲೆಯಲ್ಲಿ ಯಾರೂ ಆರೋಗ್ಯದ ಮಾತನಾಡಬಾರದು. 1970ರ ದಶಕದ ಕೊನೆಯಿಂದ 2000ದವರೆಗೆ ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಆ ಕೀಟನಾಶಕ ವಿಷ ಸುರಿದರು. ಬಾವಿ ಮುಚ್ಚಿಕೊಳ್ಳಿ ಎಂದರು. ತೋಡನ್ನೂ, ನೀರಿಗಾಗಿ ಗುಡ್ಡೆಗೆ ಅಡ್ಡಲಾಗಿ ಕೊರೆದ ಸುರಂಗವನ್ನೂ ಮುಚ್ಚುವುದು ಹೇಗೆಂದು ಯಾರೂ ಹೇಳಿಕೊಡಲಿಲ್ಲ. 'ಏನೂ ಆಗುವುದಿಲ್ಲ' ಎಂಬ ಮಾತು ಕೇಳಿದರೆ ಇಲ್ಲಿನ ತಾಯಂದಿರ ಮೈ ಉರಿಯುವುದು ಸಹಜ. ಆದರೆ ಆ ಹೋರಾಟ ನಡೆದ ಬಗೆಯನ್ನೂ ನೆನಪಿಸಿಕೊಳ್ಳಿ. ವಾಣಿನಗರದ ಡಾ. ವೈ.ಎಸ್. ಮೋಹನ ಕುಮಾರ್ ತಮ್ಮಲ್ಲಿಗೆ ಬರುತ್ತಿದ್ದವರ ಕಾಯಿಲೆಗಳನ್ನು ಗಮನಿಸಿ ಲೆಕ್ಕ ಇಟ್ಟರು. ಶ್ರೀಪಡ್ರೆಯವರಂಥ ಪತ್ರಕರ್ತರು ಬಿಡದೆ ಬರೆದರು. 2001ರಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರದವರು ಪಡ್ರೆ ಗ್ರಾಮದ ನೀರನ್ನೂ ಜನರ ರಕ್ತವನ್ನೂ ಪರೀಕ್ಷಿಸಿ ವಿಷ ಇದೆಯೆಂದು ಅಂಕೆಗಳಲ್ಲಿ ತೋರಿಸಿದರು. ಆಮೇಲೂ ಅಲ್ಲಗಳೆದವರಿದ್ದರು, ಆದರೆ ಅಳೆದ ಅಂಕೆಯ ಮುಂದೆ ಅವರ ಮಾತು ಕೊನೆತನಕ ನಿಲ್ಲಲಿಲ್ಲ. 2011ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ದೇಶಾದ್ಯಂತ ತಡೆಯಿತು. 2017ರಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡುವಂತೆ ಕೇರಳ ಸರ್ಕಾರಕ್ಕೆ ಆದೇಶಿಸಿತು. ಆ ಹಿರಿಯರ ಹೆಸರು ಹೇಳುವ ನಾವು ಅವರ ಹಾಗೆ ಅಳೆಯಲೂ ಬೇಕು.

ಟವರಿನ ವಿಷಯದಲ್ಲಿ ಅಳೆದವರು ಬೇಕಾದಷ್ಟು ಮಂದಿ ಇದ್ದಾರೆ. ಮೊಬೈಲಿನ ತರಂಗ ಕ್ಷ-ಕಿರಣದ ಜಾತಿಯದ್ದಲ್ಲ. ಕಣ್ಣಿಗೆ ಕಾಣುವ ಬೆಳಕಿಗಿಂತಲೂ ಅದರ ಕಂಪನಾಂಕ ಎಷ್ಟೋ ಪಾಲು ಕಡಿಮೆ. ಮೈಯೊಳಗಿನ ಅಣುಗಳನ್ನು ಒಡೆಯುವ ಶಕ್ತಿ ಅದಕ್ಕಿಲ್ಲ. ತೀವ್ರತೆ ವಿಪರೀತವಾದರೆ ಮೈಯನ್ನು ಬಿಸಿಮಾಡಬಲ್ಲದು. ಅಂತಾರಾಷ್ಟ್ರೀಯ ಮಿತಿಯನ್ನು ಆ ಬಿಸಿಯ ಲೆಕ್ಕದಲ್ಲಿ, ಸಾಕಷ್ಟು ಅಂತರ ಬಿಟ್ಟು ನಿಗದಿಮಾಡಿದ್ದಾರೆ. ನಮ್ಮ ದೇಶ 2012ರ ಸೆಪ್ಟೆಂಬರಿನಲ್ಲಿ ಆ ಮಿತಿಯನ್ನೂ ಹತ್ತರಲ್ಲಿ ಒಂದು ಪಾಲಿಗೆ ಇಳಿಸಿತು. 900 ಮೆಗಾಹರ್ಟ್ಸ್ ತರಂಗಕ್ಕೆ ಚದರ ಮೀಟರಿಗೆ 4.5 ವ್ಯಾಟ್ ಇದ್ದದ್ದು 0.45 ವ್ಯಾಟ್ ಆಯಿತು.

ವಿಶ್ವ ಆರೋಗ್ಯ ಸಂಸ್ಥೆಯೇ ಕ್ಯಾನ್ಸರ್ ಎಂದಿದೆ ಎಂದು ಕರಪತ್ರದಲ್ಲಿದೆ. 2011ರಲ್ಲಿ ಅದರ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಈ ತರಂಗಗಳನ್ನು '2ಬಿ' ಗುಂಪಿಗೆ ಸೇರಿಸಿದ್ದು ಹೌದು. ಸಂಶಯಕ್ಕೆ ಎಡೆಯಿದೆ, ಪುರಾವೆ ಸಾಲದು ಎಂಬಂಥವನ್ನು ಇಡುವ ಗುಂಪು ಅದು. ಆ ಸಂಶಯ ಹುಟ್ಟಿದ್ದೂ ಮುಖ್ಯವಾಗಿ ಕಿವಿಗೆ ಒತ್ತಿ ಹಿಡಿಯುವ ಮೊಬೈಲ್ ಕುರಿತ ಅಧ್ಯಯನಗಳಿಂದ. ವಿಶ್ವ ಆರೋಗ್ಯ ಸಂಸ್ಥೆ ಮಾಡಿಸಿದ ಪರಿಶೀಲನೆಯೊಂದು 2024ರಲ್ಲಿ ಹೊರಬಂತು. 63 ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿದವರಿಗೆ ಮೊಬೈಲಿಗೂ ಮೆದುಳಿನ ಕ್ಯಾನ್ಸರಿಗೂ ನಂಟು ಕಾಣಲಿಲ್ಲ. ಟವರಿನಿಂದ ಮಕ್ಕಳಿಗೆ ಕ್ಯಾನ್ಸರ್ ಹೆಚ್ಚಾದದ್ದೂ ಕಾಣಲಿಲ್ಲ. ಆರು ವರ್ಷದ ಮಗಳಿರುವ ನಿಮಗೆ ಇದನ್ನು ಬರೆಯುವಾಗ ಎರಡೆರಡು ಸಲ ಓದಿ ನೋಡಿದ್ದೇನೆ.

ಟವರಿನ ಆಂಟೆನಾ ತರಂಗವನ್ನು ಸುತ್ತಲೂ ಮಳೆಯಂತೆ ಸುರಿಸುವುದಿಲ್ಲ. ಕಡಲತೀರದ ದೀಪಸ್ತಂಭದ ಬೆಳಕಿನಂತೆ ಬಹುಪಾಲು ಎದುರಿಗೆ, ದೂರಕ್ಕೆ ಎಸೆಯುತ್ತದೆ. ದೀಪದ ಬುಡದಲ್ಲಿ ಕತ್ತಲು ಎಂಬ ಗಾದೆ ಇಲ್ಲಿ ಅಕ್ಷರಶಃ ಸರಿ. ಆಂಟೆನಾದ ಎತ್ತರದಲ್ಲೇ, ಅದರ ಎದುರಿಗೇ ಇರುವ ಮಹಡಿ ಮನೆಯವರು ಚಿಂತಿಸಬೇಕು. ದೂರಸಂಪರ್ಕ ಇಲಾಖೆಯ ಮಾರ್ಗಸೂಚಿ ಅಂಥಲ್ಲಿ ಒಂದು ಆಂಟೆನಾಕ್ಕೆ 20 ಮೀಟರ್, ಹನ್ನೆರಡು ಆಂಟೆನಾಕ್ಕೆ 75 ಮೀಟರ್ ಅಂತರ ಹೇಳಿತ್ತು. ನಿಮ್ಮ ಹೆಂಚಿನ ಮನೆ ಗುಡ್ಡೆಯ ಬುಡದಲ್ಲಿದೆ.

ನಿಮ್ಮ ಅಡುಗೆಮನೆಯಲ್ಲಿ ನಾನು ಕಂಡ ಇನ್ನೊಂದು ವಸ್ತುವಿನ ಬಗ್ಗೆ ಹೇಳಬೇಕು. ಕಿಟಕಿಯ ಸರಳಿಗೆ ಹಳೆಯ ಸೀರೆಯ ಅಂಚಿನಿಂದ ಕಟ್ಟಿಟ್ಟ ಅತ್ತೆಯವರ ಬಟನ್ ಮೊಬೈಲ್. ಮನೆಯಲ್ಲೆಲ್ಲ ಅದೊಂದೇ ಕಡೆ ರೇಂಜ್ ಸಿಗುವುದಂತೆ. ನಾನಿದ್ದಾಗಲೇ ಬೆಂಗಳೂರಿನಿಂದ ಮಗನ ಕರೆ ಬಂತು. ಅತ್ತೆ ಗೋಡೆ ಹಿಡಿದುಕೊಂಡು ಎದ್ದು ಬಂದು, ಮೊಬೈಲನ್ನು ಬಿಚ್ಚದೆ, ಸರಳಿಗೇ ಕಿವಿಯೊತ್ತಿ "ಕೇಳುವುದಿಲ್ಲ ಮಗಾ, ಜೋರಾಗಿ ಹೇಳು" ಎಂದು ಕೂಗಿದರು. ಮೊಬೈಲ್ ಮಾಡುವುದೂ ಅದನ್ನೇ. ಟವರ್ ದೂರವಿದ್ದಷ್ಟೂ ಅದು ತನ್ನ ಶಕ್ತಿ ಏರಿಸಿಕೊಂಡು ಕೂಗಬೇಕು. ಆ ಬಗೆಯ ಹಳೆಯ 2ಜಿ ಸೆಟ್ ಗರಿಷ್ಠ 2 ವ್ಯಾಟ್‌ವರೆಗೆ ಹೋಗಬಲ್ಲದು, ಅದೂ ಕಿವಿಗೆ ತಾಗಿಕೊಂಡು. ಹತ್ತಿರ ಟವರ್ ಇದ್ದರೆ ಅದೇ ಮೊಬೈಲ್ ಪಿಸುಗುಟ್ಟಿದರೆ ಸಾಕು. ತರಂಗಕ್ಕೆ ಹೆದರಿ ಟವರನ್ನು ಮೂರು ಮೈಲಿ ಆಚೆ ಅಟ್ಟಿದರೆ ಅತ್ತೆಯವರ ಕಿವಿಗೆ ಬೀಳುವ ತರಂಗ ಕಡಿಮೆಯಾಗುವುದಿಲ್ಲ, ಹೆಚ್ಚಾಗುತ್ತದೆ. ಹತ್ತಿರ ಟವರ್ ಬರುವವರೆಗೆ ಸ್ಪೀಕರ್ ಹಾಕಿ ಮಾತನಾಡಲು ಹೇಳಿಕೊಡಿ.

ನಿಮ್ಮ ಬಾವ ಹೇಳಿದ್ದನ್ನೂ ಇಲ್ಲಿ ಬರೆಯುತ್ತೇನೆ, ಅವರ ಒಪ್ಪಿಗೆ ಪಡೆದಿದ್ದೇನೆ. 2020ರ ಜೂನ್‌ನಲ್ಲಿ ಆನ್‌ಲೈನ್ ಪಾಠ ಶುರುವಾದಾಗ ಅವರ ಮಗಳು ಹತ್ತನೆಯ ತರಗತಿಯಲ್ಲಿದ್ದಳು. ಮನೆಯಲ್ಲಿ ರೇಂಜ್ ಇಲ್ಲ. ಆಷಾಢದ ಮಳೆಯಲ್ಲಿ ಈಗ ಗೂಟ ನೆಟ್ಟಿರುವ ಅದೇ ಪಾರೆಯ ಮೇಲೆ ಅಪ್ಪ ಕೊಡೆ ಹಿಡಿದು ನಿಲ್ಲುತ್ತಿದ್ದರು, ಮಗಳು ಮೊಣಕಾಲ ಮೇಲೆ ಪುಸ್ತಕವಿಟ್ಟು ಬರೆಯುತ್ತಿದ್ದಳು. "ಬಾಡಿಗೆಗೆ ಆಸೆಪಟ್ಟೆ ಎಂದು ಊರಲ್ಲಿ ಹೇಳುತ್ತಾರೆ. ಹಣ ಬೇಡವೆಂದಲ್ಲ, ಆದರೆ ಆ ಮಳೆ ನನಗೆ ಮರೆತಿಲ್ಲ" ಎಂದರು. ನಿಮ್ಮೊಡನೆ ಮೊದಲೇ ಮಾತನಾಡದಿದ್ದದ್ದು ತಪ್ಪೆಂದೂ ಅವರ ಬಾಯಿಯಿಂದಲೇ ಬಂತು. (ಅವರಿಗೂ ಎಲ್ಲ ಓದುಗರಿಗೂ ಒಂದು ಎಚ್ಚರಿಕೆ. ಟವರ್ ಹಾಕಲು ಜಾಗದ ಯಜಮಾನನಿಂದ ನೋಂದಣಿ, ಡೆಪಾಸಿಟ್ ಎಂದು ಯಾರಾದರೂ ಹಣ ಕೇಳಿದರೆ ಅದು ಮೋಸ, ಒಂದು ರೂಪಾಯಿಯನ್ನೂ ಕೊಡಬೇಡಿ.)

ನಳ್ಳಿ ಉದುರುವುದಕ್ಕೆ ತಿಗಣೆಯಿಂದ ಹಿಡಿದು ನೀರಿನ ಕೊರತೆಯವರೆಗೆ ಕಾರಣಗಳಿವೆ. ಉದುರಿದ ನಳ್ಳಿಯನ್ನು ಕೈಯಲ್ಲಿ ಹಿಡಿದು ಕಾಸರಗೋಡಿನ ಕೇಂದ್ರೀಯ ತೋಟಗಾರಿಕಾ ಬೆಳೆಗಳ ಸಂಶೋಧನಾ ಸಂಸ್ಥೆಗೆ (ಸಿಪಿಸಿಆರ್‌ಐ) ಹೋಗಿ ತೋರಿಸಿ. ನ್ಯಾಯಾಲಯದ ದಾರಿಯ ಬಗ್ಗೆಯೂ ಭ್ರಮೆ ಬೇಡ. 2006ರಲ್ಲಿ ಚೇಮಂಚೇರಿ ಪಂಚಾಯತಿನ ಪ್ರಕರಣದಲ್ಲಿ ಕೇರಳ ಹೈಕೋರ್ಟ್, ವೈಜ್ಞಾನಿಕ ಆಧಾರವಿಲ್ಲದ ಆರೋಗ್ಯದ ಆತಂಕದಿಂದ ಟವರ್ ತಡೆಯಲಾಗದು ಎಂದಿತ್ತು. ಕರಪತ್ರವನ್ನು ನಂಬಿ ಕೋರ್ಟಿಗೆ ಹೋದರೆ ವಕೀಲರ ಫೀಸು ಹೋಗುತ್ತದೆ, ಕೈಯಲ್ಲಿರುವ ಒಳ್ಳೆಯ ಪ್ರಶ್ನೆಗಳೂ ಹಾಳಾಗುತ್ತವೆ.

ಒಳ್ಳೆಯ ಪ್ರಶ್ನೆಗಳಲ್ಲಿ ದೊಡ್ಡದು ಗುಡ್ಡೆಯ ಹೊಟ್ಟೆಯಲ್ಲಿದೆ. ನಿಮ್ಮ ಮನೆಗೆ ನೀರು ಬರುವುದು ಸುರಂಗದಿಂದ. ಜರಿಗಿಡಗಳು ಮುಚ್ಚಿದ ಅದರ ಬಾಯಿಯಲ್ಲಿ ಬಗ್ಗಿ ಟಾರ್ಚ್ ಹಾಕಿ ನೋಡಿದೆ. ಒಬ್ಬ ಮನುಷ್ಯ ಕುಗ್ಗಿ ನಡೆಯುವಷ್ಟೇ ಅಗಲ, ಗೋಡೆಯಲ್ಲಿ ಪಿಕ್ಕಾಸಿನ ಗೆರೆಗಳು ಇನ್ನೂ ಹಾಗೆಯೇ ಇವೆ. ಕೆಂಪುಕಲ್ಲಿನಿಂದ ಒಸರುವ ನೀರು ನೆಲದ ಕಾಲುವೆಯಲ್ಲಿ ಹರಿದು, ಅಡಿಕೆ ಮರದ ದಂಬೆಯಲ್ಲಿ ಇಳಿದು ಟ್ಯಾಂಕಿಗೆ ಬೀಳುತ್ತಿತ್ತು. ಪಂಪಿಲ್ಲ, ಕರೆಂಟಿಲ್ಲ. ತಮ್ಮ ಮಾವನವರ ಕಾಲದಲ್ಲಿ ತೋಡಿಸಿದ್ದು ಎಂದು ಅತ್ತೆ ಹೇಳಿದರು. ಬಾವನೂ ನಾನೂ ಹಗ್ಗ ಹಿಡಿದು ಸುರಂಗದ ದಿಕ್ಕನ್ನು ಗುಡ್ಡೆಯ ಮೇಲೆ ಅಂದಾಜು ಮಾಡಿದೆವು. ನಾಲ್ಕರಲ್ಲಿ ಎರಡು ಗೂಟ ಹೆಚ್ಚುಕಡಿಮೆ ಅದರ ನೆತ್ತಿಯ ಮೇಲೆಯೇ ಬಂದವು. ಅಲ್ಲಿ ಜೆಸಿಬಿಯಿಂದ ಅಡಿಪಾಯ ತೋಡಿ, ಕಾಂಕ್ರೀಟ್ ತುಂಬಿ, ಮೇಲೆ ಟನ್ನುಗಟ್ಟಲೆ ಕಬ್ಬಿಣ ನಿಲ್ಲಿಸಿದರೆ ಕೆಳಗಿನ ಮಾಡು ತಡೆಯುವುದೇ? ಕುಸಿದರೆ ನಿಮ್ಮಿಬ್ಬರ ಮನೆಗೂ ನೀರಿಲ್ಲ, ಏಕೆಂದರೆ ಬಾವನ ತೋಟಕ್ಕೂ ಅದೇ ನೀರು. ನಾವು ಹಗ್ಗ ಸುತ್ತಿ ಮುಗಿಸುವಾಗ ಬಾವನ ಮುಖ ಬಿಳಿಚಿಕೊಂಡಿತ್ತು. ಗೂಟ ನೆಟ್ಟವರಿಗೆ ಸುರಂಗ ಎಂದರೇನೆಂದೇ ಗೊತ್ತಿರಲಿಲ್ಲವಂತೆ. ನಿಮ್ಮ ಕರಪತ್ರದಲ್ಲಿಯೂ ಅದರ ಒಂದು ಸಾಲಿಲ್ಲ ಅಕ್ಕಾ.

ಪಂಚಾಯತ್ ಕಾರ್ಯದರ್ಶಿಗೆ ಬರೆಯುವ ಅರ್ಜಿಯಲ್ಲಿ ಇದನ್ನೇ ಮೊದಲು ಬರೆಯಿರಿ. ಅಡಿಪಾಯದ ನಕ್ಷೆ, ಮಣ್ಣಿನ ಪರೀಕ್ಷೆಯ ವರದಿ, ಟವರಿನ ಭದ್ರತೆಯ ಪ್ರಮಾಣಪತ್ರ, ಸಿಡಿಲಿನ ಅರ್ಥಿಂಗ್ ಎಲ್ಲಿ ಹೂಳುತ್ತಾರೆ ಎಂಬ ವಿವರ ಕೇಳಿ. ತುಲಾ ಮಾಸದ ಸಿಡಿಲು ನಮ್ಮ ಗುಡ್ಡೆಗಳಲ್ಲಿ ಹೇಗಿರುತ್ತದೆಂದು ನಿಮಗೆ ಹೇಳಬೇಕಾಗಿಲ್ಲ. ಡೀಸೆಲ್ ಜನರೇಟರ್ ಇಡುತ್ತಾರೋ ಬ್ಯಾಟರಿಯೋ ಎಂಬುದನ್ನು ಬರವಣಿಗೆಯಲ್ಲಿ ಪಡೆಯಿರಿ. ಜನರೇಟರಿನ ಸದ್ದು ಒಂದು ಮೀಟರ್ ದೂರದಲ್ಲಿ 75 ಡೆಸಿಬೆಲ್ ಮೀರಬಾರದೆಂಬ ನಿಯಮವಿದೆ. ನಮ್ಮ ಕಚೇರಿಯ ಬಳಿಯ ಟವರಿನಿಂದ ಎರಡು ವರ್ಷ ನಮಗೆ ಆದ ತೊಂದರೆ ತರಂಗದ್ದಲ್ಲ, ರಾತ್ರಿಯಿಡೀ ಗುಡುಗುವ ಜನರೇಟರಿನದು. ಕಾಗದ ಕೊಡದಿದ್ದರೆ 10 ರೂಪಾಯಿಯ ಮಾಹಿತಿ ಹಕ್ಕು ಅರ್ಜಿ ಹಾಕಿ, 30 ದಿನದೊಳಗೆ ಉತ್ತರ ಕೊಡಬೇಕು. ಅಲ್ಲಿಗೂ ಮುಗಿಯದಿದ್ದರೆ ಕಲೆಕ್ಟರ್ ಅಧ್ಯಕ್ಷತೆಯ ಜಿಲ್ಲಾ ಟೆಲಿಕಾಂ ಸಮಿತಿ ಇದೆ.

ಅರ್ಜಿಯನ್ನು ಕನ್ನಡದಲ್ಲೇ ಬರೆಯಿರಿ. ಇದನ್ನು ಒತ್ತಿ ಹೇಳುತ್ತೇನೆ. 1969ರ ಕೇರಳ ಅಧಿಕೃತ ಭಾಷಾ ಕಾಯ್ದೆಯಲ್ಲಿ ಕನ್ನಡ ಅಲ್ಪಸಂಖ್ಯಾತರಿಗೆ ತಮ್ಮ ಭಾಷೆಯಲ್ಲಿ ಸರ್ಕಾರದೊಡನೆ ವ್ಯವಹರಿಸುವ, ಅದೇ ಭಾಷೆಯಲ್ಲಿ ಉತ್ತರ ಪಡೆಯುವ ಹಕ್ಕಿದೆ. 1956ರಿಂದ ನಾವು ಈ ರಾಜ್ಯದಲ್ಲಿದ್ದೇವೆ. ಮಲೆಯಾಳ ಬಲ್ಲವರನ್ನು ಪಕ್ಕದಲ್ಲಿ ಕೂರಿಸಿಕೊಂಡು ನಮ್ಮ ಮನೆಯ ಹಿತ್ತಿಲಿನ ಸಂಗತಿ ತಿಳಿಯಬೇಕಾದ ಗತಿ ಇನ್ನೂ ಇದೆ. ನಿಮಗೆ ಓದಲಾಗದ ಕಾಗದ ತೋರಿಸಿದ ಮಾತ್ರಕ್ಕೆ ನಿಮಗೆ ತಿಳಿಸಿದಂತಾಗುವುದಿಲ್ಲ. ಗೂಟ ಕಂಡ ಬೆಳಗ್ಗೆ ನಿಮಗೆ ಭಯವಾದದ್ದು ಅರ್ಧ ಅದರಿಂದ ಎಂದು ನನಗನ್ನಿಸುತ್ತದೆ. ವಾರ್ಡಿನ ಗ್ರಾಮಸಭೆಯಲ್ಲಿಯೂ ಇದನ್ನು ಎತ್ತಿ. ಶೇಕಡಾ 10 ಮತದಾರರು ಸೇರದಿದ್ದರೆ ಕೋರಂ ಇಲ್ಲ, ಆದ್ದರಿಂದ ಮಹಿಳಾ ಸ್ವಸಹಾಯ ಸಂಘವಾದ ಕುಟುಂಬಶ್ರೀಯ ಅಕ್ಕಂದಿರನ್ನೆಲ್ಲ ಕರೆದುಕೊಂಡು ಹೋಗಿ.

ಜಾಗ ಬದಲಾಗಿ, ಸುರಂಗದಿಂದ ದೂರ ಅದೇ ಗುಡ್ಡೆಯಲ್ಲಿ ಟವರ್ ಬಂದೇಬಂದಿತು ಎನ್ನೋಣ. ಆಗ ಅಳೆಯಿಸಿ. ದೂರಸಂಪರ್ಕ ಇಲಾಖೆಯ 'ತರಂಗ್ ಸಂಚಾರ್' ಜಾಲತಾಣದಲ್ಲಿ ಯಾವ ಟವರ್ ಮಿತಿಯೊಳಗಿದೆಯೆಂದು ನೋಡಬಹುದು. ಶುಲ್ಕ ಕಟ್ಟಿದರೆ ಇಲಾಖೆಯವರೇ ಬಂದು ಅಳೆದುಕೊಡುತ್ತಾರೆ. ಸರ್ಕಾರಿ ಆನ್‌ಲೈನ್ ಸೇವೆ ಕೊಡುವ ಅಕ್ಷಯ ಕೇಂದ್ರದಲ್ಲಿ ಅರ್ಜಿ ತುಂಬಿಸಿ. ಸಮಿತಿಯ ಹತ್ತು ಮನೆಯವರು ಸೇರಿ ಶುಲ್ಕ ಹಂಚಿಕೊಂಡರೆ ಭಾರವಾಗದು. ನಿಮ್ಮ ಮಗಳು ಆಡುವ ಅಂಗಳದಲ್ಲಿಯೇ ಅಳೆಯಲು ಹೇಳಿ. ಬಂದ ಅಂಕೆ ಏನೇ ಇರಲಿ ನಾವು ಅಚ್ಚುಹಾಕುತ್ತೇವೆ. ಮಿತಿ ಮೀರಿದ್ದರೆ ಮುಖಪುಟದಲ್ಲಿ ಹಾಕುತ್ತೇವೆ, ಆಗ ಈ ಉತ್ತರದಲ್ಲಿ ನಾನು ಬರೆದದ್ದನ್ನು ತಿದ್ದಿ ಬರೆಯುವವನೂ ನಾನೇ.

ಗ್ರಾಮಸಭೆಯ ದಿನಾಂಕ ತಿಳಿಸಿ, ಬರುತ್ತೇನೆ. ಬಾವನೂ ಸುರಂಗದ ವಿಷಯ ತಾವೇ ಹೇಳುವುದಾಗಿ ಮಾತು ಕೊಟ್ಟಿದ್ದಾರೆ. ಅರ್ಜಿಗೆ ನಿಮ್ಮ ಸಹಿಯ ಕೆಳಗೆ ಅವರ ಸಹಿಯೂ ಬೀಳಲಿ, ಕೇಳಲು ನೀವೇ ಹೋಗಿ. ಜಗಲಿಯಲ್ಲಿ ಕುಳಿತಿದ್ದಷ್ಟು ಹೊತ್ತೂ ಅವರ ಕಣ್ಣು ನಿಮ್ಮ ಮನೆಯ ಕಡೆಗೇ ಇತ್ತು.

ಅತ್ತೆಯವರಿಗೆ ನನ್ನ ನಮಸ್ಕಾರ. ಕಿಟಕಿಯ ಬಳಿ ಒಂದು ಸ್ಟೂಲ್ ಇಟ್ಟುಕೊಡಿ. ಮಗನ ಜೊತೆ ನಿಂತು ಮಾತನಾಡಿ ಮಾತನಾಡಿ ಕಾಲು ನೋಯುತ್ತದೆ ಎಂದು, ನೀವು ಶರಬತ್ತು ತರಲು ಒಳಗೆ ಹೋದಾಗ ನನ್ನ ಹತ್ತಿರ ಹೇಳಿದರು.

ಸಂಪಾದಕ